ಕುಲುಮೆಗೆ ಹಸಿರು ಬಣ್ಣ ಬಳಿದರೆ ಸಾಕಾ?

ಓದಿದ್ದು ಮೆಟಲರ್ಜಿ, ಮಾಡ್ತಿರೋದು ಜಾವಾ. ನನ್ನಂಥವರು ಬೆಂಗಳೂರಿನಲ್ಲಿ ಬೀದಿಗೊಬ್ಬರು ಸಿಗ್ತಾರೆ ಬಿಡಿ. ನಾಲ್ಕು ವರ್ಷ ಕುಲುಮೆ, ಕಿಟ್ಟ, ಎಲ್ಲಿಂಗ್‌ಹ್ಯಾಮ್ ನಕ್ಷೆ ಅಂತ ಉರು ಹೊಡೆದು, ಕ್ಯಾಂಪಸ್ಸಿಗೆ ಬಂದ ಮೊದಲ ಸಾಫ್ಟ್‌ವೇರ್ ಕಂಪನಿಗೆ ಸೇರಿಕೊಂಡವನು ನಾನು. ಓದಿದ್ದು ಉಪಯೋಗಕ್ಕೆ ಬರೋದು ವರ್ಷಕ್ಕೆ ಒಂದೋ ಎರಡೋ ಸಲ. ಹೋದ ತಿಂಗಳು ಅಂಥದ್ದೊಂದು ಸಂದರ್ಭ ಬಂತು. ಆಫೀಸಿನಲ್ಲಿ ಯಾವುದೋ ಹಸಿರು ಸಪ್ತಾಹ. ಹಳೇ ಫೋನು, ಚಾರ್ಜರು ಹಾಕೋಕೆ ಕ್ಯಾಂಟೀನಿನ ಪಕ್ಕ ಒಂದು ಡಬ್ಬ, ಜೊತೆಗೆ ಅರ್ಧ ಗಂಟೆ ಭಾಷಣ. ಭಾಷಣಕ್ಕೆ ಬಂದಿದ್ದವರು ಬೆಲ್ಜಿಯಂನ ಯುಮಿಕೋರ್ ಕಂಪನಿಯ ಕಥೆ ಹೇಳಿದರು. ಗಣಿ ಅಗೆದು, ಅದಿರು ಕರಗಿಸಿ, ಹೊಗೆ ಉಗುಳುತ್ತಿದ್ದ ಕಂಪನಿ ಈಗ ನಮ್ಮ ಹಳೇ ಮೊಬೈಲುಗಳಿಂದ ಚಿನ್ನ ತೆಗೆಯುತ್ತೆ. ಪಾಪ ತೊಳೆದುಕೊಂಡು ಪುಣ್ಯವಂತ ಆಗಿದೆ. ಕಸದಿಂದ ರಸ ಅಂದರೆ ಇದೇ, ಇತ್ಯಾದಿ. ಜೋರು ಚಪ್ಪಾಳೆ.

ಕಥೆ ಸುಳ್ಳಲ್ಲ. ಅರ್ಧಕ್ಕೇ ನಿಲ್ಲಿಸಿದ ಕಥೆ ಅಷ್ಟೇ. ಉಳಿದರ್ಧ ಗೊತ್ತಿಲ್ಲದೆ ಹೋದರೆ ನಷ್ಟ ಬೆಲ್ಜಿಯಂನವರಿಗಲ್ಲ, ನಮಗೆ. ಯಾಕಂದರೆ ಇದೇ ಕಥೆ ಹೇಳಿಕೊಂಡು ನಮ್ಮಲ್ಲೂ ಕುಲುಮೆಗಳು ಬರ್ತಾ ಇವೆ.

ಮೊದಲು ಕಂಪನಿಯ ಜಾತಕ ನೋಡೋಣ. ಕಾಂಗೋ ದೇಶ ಇನ್ನೂ ಬೆಲ್ಜಿಯಂನ ದೊರೆ ಎರಡನೇ ಲಿಯೊಪೋಲ್ಡನ ಖಾಸಗಿ ಆಸ್ತಿಯಂತಿದ್ದ 1906ರಲ್ಲಿ ಅಲ್ಲಿನ ಕಟಾಂಗಾ ಪ್ರಾಂತ್ಯದ ಗಣಿಗಳಿಗಾಗಿ ಯೂನಿಯನ್ ಮಿನಿಯೇರ್ ಎಂಬ ಕಂಪನಿ ಹುಟ್ಟಿತು. ತಾಮ್ರ, ಕೋಬಾಲ್ಟ್, ಆಮೇಲೆ ರೇಡಿಯಂ, ಯುರೇನಿಯಂ. ಅಮೆರಿಕ ಅಣುಬಾಂಬು ತಯಾರಿಸಿದಾಗ ಅದಕ್ಕೆ ಬಳಸಿದ ಯುರೇನಿಯಂನಲ್ಲಿ ದೊಡ್ಡ ಪಾಲು ಬಂದದ್ದು ಈ ಕಂಪನಿಯ ಶಿಂಕೊಲೊಬ್ವೆ ಗಣಿಯಿಂದ. ಕಾಂಗೋ ಸ್ವತಂತ್ರ ಆಯ್ತು. 1967ರಲ್ಲಿ ಮೊಬುಟು ಆ ಗಣಿಗಳನ್ನೆಲ್ಲ ರಾಷ್ಟ್ರೀಕರಣ ಮಾಡಿದ. ಗಣಿ ಕಳೆದುಕೊಂಡ ಕಂಪನಿಯ ಕೈಯಲ್ಲಿ ಉಳಿದದ್ದು ಯುರೋಪಿನ ಕಾರ್ಖಾನೆಗಳು, ಲೋಹ ಬೇರ್ಪಡಿಸುವ ವಿದ್ಯೆ. 1989ರಲ್ಲಿ ಹಳೇ ಸತು ಕಂಪನಿ, ಹೊಬೋಕನ್ ಊರಿನ ಸೀಸ-ಬೆಳ್ಳಿಯ ಕಾರ್ಖಾನೆ ಎಲ್ಲ ಸೇರಿ ಒಂದೇ ಸಂಸ್ಥೆಯಾದವು. ಹೊಬೋಕನ್ ಇರೋದು ಆಂಟ್‌ವರ್ಪ್ ನಗರಕ್ಕೆ ಅಂಟಿಕೊಂಡು. 1997ರಲ್ಲಿ ಅಲ್ಲಿ ಆಸ್ಟ್ರೇಲಿಯಾದ ತಂತ್ರಜ್ಞಾನದ ಹೊಸ ಕುಲುಮೆ ಶುರುವಾಯ್ತು. ಅದಿರು ಬಿಟ್ಟು ಕಸ ತಿನ್ನುವ ಕೆಲಸಕ್ಕೆ ಕಾರ್ಖಾನೆ ಹೊರಳಿತು. 2001ರಲ್ಲಿ ಹೆಸರೂ ಬದಲಾಯ್ತು: ಯುಮಿಕೋರ್.

ಆಮೇಲೆ ಏನಾಯ್ತು ಅನ್ನೋದನ್ನು ಭಾಷಣಗಳಲ್ಲಿ ಯಾರೂ ಹೇಳೋದಿಲ್ಲ. 2005ರಲ್ಲಿ ತಾಮ್ರದ ವ್ಯವಹಾರವನ್ನು ಕತ್ತರಿಸಿ ಕ್ಯುಮೇರಿಯೋ ಎಂಬ ಬೇರೆ ಕಂಪನಿ ಮಾಡಿದರು. 2007ರಲ್ಲಿ ಸತು ಕರಗಿಸುವ ಕಾರ್ಖಾನೆಗಳು ನೈರ್‌ಸ್ಟಾರ್ ಎಂಬ ಇನ್ನೊಂದು ಕಂಪನಿಗೆ ಹೋದವು. 2013ರಲ್ಲಿ ಕೆನಡಾದ ಕಾರ್ಪೊರೇಟ್ ನೈಟ್ಸ್ ಪತ್ರಿಕೆ ಜಗತ್ತಿನ 100 ಸುಸ್ಥಿರ ಕಂಪನಿಗಳ ಪಟ್ಟಿ ಮಾಡಿದಾಗ ಯುಮಿಕೋರ್ ಒಂದನೇ ಸ್ಥಾನದಲ್ಲಿತ್ತು. ಅಷ್ಟೊತ್ತಿಗೆ ಸತು ಕುಲುಮೆಗಳು ನಿಂತಿದ್ದವಾ? ಇಲ್ಲ ಸ್ವಾಮಿ, ಬೇರೆ ಬೋರ್ಡಿನ ಅಡಿಯಲ್ಲಿ ಉರಿಯುತ್ತಲೇ ಇದ್ದವು. ನಮ್ಮ ಲೇಔಟುಗಳಲ್ಲಿ ಮನೆ ಗುಡಿಸಿ ಕಸವನ್ನು ಪಕ್ಕದ ಖಾಲಿ ಸೈಟಿಗೆ ಎಸೆದು "ನಮ್ಮನೆ ಎಷ್ಟು ಕ್ಲೀನು ನೋಡಿ" ಅನ್ನೋರಿದ್ದಾರಲ್ಲ, ಲೆಕ್ಕ ಹೆಚ್ಚೂಕಡಿಮೆ ಹಾಗೇ. ವ್ಯಾಪಾರದ ದೃಷ್ಟಿಯಿಂದ ಅದರಲ್ಲಿ ತಪ್ಪೇನಿಲ್ಲ. ಆದರೆ ಕಂಪನಿ ಸ್ವಚ್ಛವಾಗೋದು ಬೇರೆ, ಗಾಳಿ ಸ್ವಚ್ಛವಾಗೋದು ಬೇರೆ.

ಹಾಗಂತ ಹೊಬೋಕನ್‌ನಲ್ಲಿ ಆದದ್ದೆಲ್ಲ ಬರೀ ಬೋರ್ಡಿನ ಬದಲಾವಣೆ ಅಂತ ನಾನು ಹೇಳ್ತಿಲ್ಲ. ಅಲ್ಲಿ ನಡೆಯುವ ಕೆಲಸ ನಿಜಕ್ಕೂ ಅದ್ಭುತ. ಇಲ್ಲಿ ಸ್ವಲ್ಪ ಪಾಠ ಮಾಡ್ತೀನಿ, ಸಹಿಸಿಕೊಳ್ಳಿ. (ನಾಲ್ಕು ವರ್ಷದ ಫೀಸು ಎಲ್ಲಾದರೂ ವಸೂಲಾಗಬೇಕಲ್ಲ!)

ಒಂದು ಮೊಬೈಲಿನ ಬೋರ್ಡಿನಲ್ಲಿ ತಾಮ್ರ, ತವರ, ಚಿನ್ನ, ಬೆಳ್ಳಿ, ಪಲೇಡಿಯಂ ಎಲ್ಲ ಪ್ಲಾಸ್ಟಿಕ್ಕು, ಗಾಜಿನ ನಾರಿನ ಜೊತೆ ಬೆರೆತು ಕೂತಿರುತ್ತೆ. ಒಂದೊಂದನ್ನೇ ಕಿತ್ತು ತೆಗೆಯೋಕೆ ಸಾಧ್ಯವಿಲ್ಲ. ಎಲ್ಲವನ್ನೂ ಸುಮಾರು 1200 ಡಿಗ್ರಿಯಲ್ಲಿ ಕರಗಿಸಬೇಕು. ಕರಗಿದ ತಾಮ್ರಕ್ಕೆ ಒಂದು ಗುಣ ಇದೆ: ಚಿನ್ನ, ಪ್ಲಾಟಿನಂ ಜಾತಿಯ ಲೋಹಗಳೆಲ್ಲ ಅದರಲ್ಲಿ ಹೋಗಿ ಸೇರಿಕೊಳ್ಳುತ್ತವೆ. ಕರಗಿದ ಸೀಸವೂ ಹಾಗೇ, ಬೇರೆ ಕೆಲವು ಲೋಹಗಳನ್ನು ಹಿಡಿದುಕೊಳ್ಳುತ್ತೆ. ಅಂದರೆ ತಾಮ್ರ, ಸೀಸ ಇಲ್ಲಿ ಮೀನು ಹಿಡಿಯುವ ಬಲೆ ಇದ್ದ ಹಾಗೆ. ಬಲೆ ಎಳೆದು, ಒಂದೊಂದೇ ಮೀನು ಬಿಡಿಸಿಕೊಂಡು, ಕೊನೆಗೆ 17 ಲೋಹ ಹೊರಗೆ ತೆಗೀತಾರೆ. ಚಿನ್ನದಿಂದ ಹಿಡಿದು ಇಂಡಿಯಂ, ಟೆಲ್ಯುರಿಯಂವರೆಗೆ. ಬೋರ್ಡಿನ ಪ್ಲಾಸ್ಟಿಕ್ಕು ಕುಲುಮೆಯಲ್ಲಿ ಉರುವಲಾಗುತ್ತೆ, ಅಂದರೆ ಕೋಕಿನ ಬದಲಿಗೆ ಅದೇ ಉರಿದು ಹೋಗುತ್ತೆ. (ಹಳೇ ಫೋನಿನ ಪ್ಲಾಸ್ಟಿಕ್ಕು ಮತ್ತೆ ಫೋನಾಗುತ್ತೆ ಅಂತ ನಂಬಿದ್ದವರಿಗೆ ಕ್ಷಮೆ ಇರಲಿ.) ಗಂಧಕದ ಹೊಗೆಯನ್ನು ಹಿಡಿದು ಗಂಧಕಾಮ್ಲ ಮಾಡ್ತಾರೆ.

ಇನ್ನೊಂದು ವಿಷಯ. ಹೊಬೋಕನ್ ತಿನ್ನೋದು ಬರೀ ಹಳೇ ಫೋನಲ್ಲ. ಅದರ ಊಟದ ದೊಡ್ಡ ಭಾಗ ಬೇರೆ ಸತು, ತಾಮ್ರ, ಸೀಸದ ಕುಲುಮೆಗಳಲ್ಲಿ ಮಿಕ್ಕಿದ ಹೂಳು, ಧೂಳು, ಕಿಟ್ಟ. ಅದರಲ್ಲಿ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ ಎಲ್ಲ ಬರುತ್ತವೆ. ಪೋಸ್ಟರಿನಲ್ಲಿ ಮಾತ್ರ ಮೊಬೈಲ್ ಫೋನಿನ ಚಿತ್ರ.

ಈಗ ಹೇಳಿ, ಇದು ಅದಿರು ಕರಗಿಸೋದನ್ನು ಬಿಟ್ಟು ಮಾಡುವ ಬೇರೇನೋ ಕೆಲಸವಾ? ಅಲ್ಲ. ಅದೇ ಕುಲುಮೆ, ಅದೇ ಸೀಸ, ಅದೇ ಹೊಗೆಕೊಳವೆ. ಬಾಯಿಗೆ ಹಾಕುವ ತುತ್ತು ಮಾತ್ರ ಬೇರೆ. ಬೆಟ್ಟ ಅಗೆಯೋದು ತಪ್ಪಿತು, ಅದು ದೊಡ್ಡ ಲಾಭ, ಒಪ್ಪಿದೆ. ಕುಲುಮೆಯ ಪಕ್ಕದ ಮನೆಯ ಮಗುವಿಗೆ ಏನು ಲಾಭ? ಅದನ್ನು ಕಂಪನಿಯ ಹೆಸರು ನೋಡಿ ಹೇಳೋಕಾಗಲ್ಲ. ಮಗುವಿನ ರಕ್ತ ನೋಡಿಯೇ ಹೇಳಬೇಕು.

ಹೊಬೋಕನ್‌ನಲ್ಲಿ ಅದನ್ನೇ ಮಾಡ್ತಾರೆ. ಕಾರ್ಖಾನೆಯ ಗೋಡೆಗೆ ಅಂಟಿಕೊಂಡ ಹಾಗೆ ಮೊರೆಟುಸ್‌ಬರ್ಗ್ ಅನ್ನುವ ಬಡಾವಣೆ ಇದೆ. ಅಲ್ಲಿನ ಮಕ್ಕಳ ರಕ್ತದಲ್ಲಿ ಎಷ್ಟು ಸೀಸ ಇದೆ ಅಂತ 1970ರ ದಶಕದ ಕೊನೆಯಿಂದ ಅಳೀತಾ ಬಂದಿದ್ದಾರೆ. ವರ್ಷಕ್ಕೆ ಎರಡು ಸಲ ಪರೀಕ್ಷೆ, ಫಲಿತಾಂಶ ಎಲ್ಲರಿಗೂ ಬಹಿರಂಗ. ದಶಕಗಳಲ್ಲಿ ಆ ಸಂಖ್ಯೆ ಬಹಳ ಇಳಿದಿತ್ತು. ಆದರೆ 2020ರ ಬೇಸಿಗೆಯ ಹೊತ್ತಿಗೆ, ಯುಮಿಕೋರ್ "ಹಸಿರು ಕಂಪನಿ" ಅನಿಸಿಕೊಂಡು ಎಷ್ಟೋ ವರ್ಷ ಆದಮೇಲೆ, ಸಂಖ್ಯೆ ಇದ್ದಕ್ಕಿದ್ದಂತೆ ಮೇಲೆ ಹೋಯಿತು. ಹವೆ ಒಣಗಿತ್ತು, ಧೂಳು ಎದ್ದಿತ್ತು, ಲಾಕ್‌ಡೌನಿನಿಂದ ಮಕ್ಕಳು ಮನೆ, ಅಂಗಳ ಬಿಟ್ಟು ಹೋಗಿರಲಿಲ್ಲ ಅಂತ ವಿವರಣೆ ಬಂತು. ಹಿತ್ತಲಲ್ಲಿ ಬೆಳೆದ ತರಕಾರಿ ತಿನ್ನಬೇಡಿ ಅಂತ ಜನರಿಗೆ ಸೂಚನೆ ಹೋಯಿತು. ಗಲಾಟೆ ಜೋರಾಯಿತು. ಕೊನೆಗೆ ಕಂಪನಿ, ಕಾರ್ಖಾನೆಗೆ ತೀರಾ ಹತ್ತಿರದ ಮನೆಗಳನ್ನು ಮಾರಲು ಒಪ್ಪುವವರಿಂದ ಕೊಂಡು ಅಲ್ಲಿ ಮರ ಬೆಳೆಸ್ತೀವಿ ಅಂತ ಮುಂದೆ ಬಂತು. ಧೂಳು ಏಳದ ಹಾಗೆ ಇನ್ನಷ್ಟು ಕ್ರಮ ತೆಗೆದುಕೊಂಡಿತು. ಮುಂದಿನ ವರ್ಷಗಳಲ್ಲಿ ಸಂಖ್ಯೆ ಮತ್ತೆ ಇಳಿಯಿತು.

ಇದನ್ನು ಎರಡು ರೀತಿ ಓದಬಹುದು. "ನೋಡಿ, ಮರುಬಳಕೆ ಅನ್ನೋದೇ ದೊಡ್ಡ ಮೋಸ, ಮುಚ್ಚಿಸಿ" ಅನ್ನೋರು ಒಂದು ಕಡೆ. "ಅಷ್ಟು ದೊಡ್ಡ ಕಾರ್ಖಾನೆ ಅಂದಮೇಲೆ ಒಂದು ವರ್ಷ ಹೆಚ್ಚುಕಮ್ಮಿ ಆಗುತ್ತಪ್ಪ" ಅನ್ನೋರು ಇನ್ನೊಂದು ಕಡೆ. ನನಗೆ ಎರಡೂ ಸರಿ ಕಾಣೋದಿಲ್ಲ. ನನಗೆ ಕಂಡದ್ದು ಇಷ್ಟು: ಜಗತ್ತಿನ ಅತ್ಯುತ್ತಮ ಅನ್ನುವ ಕುಲುಮೆಯಲ್ಲೂ, ಅಷ್ಟು ದುಡ್ಡು ಸುರಿದ ಮೇಲೂ, ಸೀಸ ಗೋಡೆ ಹಾರಿ ಹೊರಗೆ ಹೋಯಿತು. ಅದು ಗೊತ್ತಾದದ್ದು ಅಳೆಯುತ್ತಿದ್ದರಿಂದ. ಸರಿಯಾದದ್ದು ಅಳೆದದ್ದನ್ನು ಬಚ್ಚಿಡಲು ಆಗದಿದ್ದರಿಂದ. ಕಂಪನಿ ಒಳ್ಳೆಯದು ಅನ್ನೋದು ಇಲ್ಲಿ ಮೂರನೇ ಕಾರಣವೋ ನಾಲ್ಕನೇ ಕಾರಣವೋ ಇರಬಹುದು.

ನಮ್ಮ ಕೆಲಸದಲ್ಲಿ ಒಂದು ಹಳೇ ಜೋಕಿದೆ. ಮಾನಿಟರಿಂಗ್ ಹಾಕದ ಸರ್ವರ್ ಯಾವತ್ತೂ ಡೌನ್ ಆಗೋದೇ ಇಲ್ಲ! ಲಾಗ್ ಇಲ್ಲ, ಅಲರ್ಟ್ ಇಲ್ಲ, ಮ್ಯಾನೇಜರ್ ಖುಷಿ. ನಮ್ಮ ದೇಶದ ಲೋಹ ಮರುಬಳಕೆ ಘಟಕಗಳು ಇವತ್ತು ಆ ಸರ್ವರ್ ಥರ ಇವೆ.

ಬೆಂಗಳೂರಿಗೂ ಹೊಬೋಕನ್‌ಗೂ ಏನು ಸಂಬಂಧ ಅಂತೀರಾ? ನೇರ ಸಂಬಂಧ ಇದೆ. 2005ರಲ್ಲಿ ದಾಬಸ್‌ಪೇಟೆಯಲ್ಲಿ ಶುರುವಾದ ಇ-ಪರಿಸರ, ಅಧಿಕೃತ ಪರವಾನಗಿ ಪಡೆದ ದೇಶದ ಮೊದಲ ಇ-ತ್ಯಾಜ್ಯ ಘಟಕ ಅಂತ ಹೆಸರಾದದ್ದು. ಅಲ್ಲಿ ಕಂಪ್ಯೂಟರುಗಳನ್ನು ಬಿಚ್ಚಿ ವಿಂಗಡಿಸಿ, ಬೋರ್ಡುಗಳನ್ನು ಇದೇ ಯುಮಿಕೋರ್‌ಗೆ ಕಳಿಸಿದ್ದರು. ನಮ್ಮ ಐಟಿ ಪಾರ್ಕುಗಳ ಹಳೇ ಮದರ್‌ಬೋರ್ಡುಗಳು ಹಡಗು ಹತ್ತಿ ಮೊರೆಟುಸ್‌ಬರ್ಗಿನ ಪಕ್ಕದಲ್ಲಿ ಕರಗಿದ್ದಾವೆ. ನಾವು ಎಂದೂ ನೋಡದ ಮಕ್ಕಳ ಪಕ್ಕದಲ್ಲಿ.

ಕಳಿಸಿದ್ದು ತಪ್ಪಾ? ಇಲ್ಲಿ ಉಳಿದಿದ್ದರೆ ಏನಾಗುತ್ತಿತ್ತು ನೋಡಿ. ಅದೇ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಎಂಪಾ ಸಂಸ್ಥೆಯವರು ಬೆಂಗಳೂರಿನ ಗಲ್ಲಿಗಳಲ್ಲಿ ಬೋರ್ಡಿನಿಂದ ಚಿನ್ನ ತೆಗೆಯುವ ಕೆಲಸವನ್ನು ಅಳೆದು ನೋಡಿದರು. ಆಸಿಡ್, ಸಯನೈಡ್, ಪಾದರಸ ಬಳಸಿ ಪ್ಲಾಸ್ಟಿಕ್ ಬಕೆಟ್ಟುಗಳಲ್ಲಿ ಮಾಡುವ ಕೆಲಸ. ಬೋರ್ಡಿನಲ್ಲಿದ್ದ ಚಿನ್ನದಲ್ಲಿ ಕೈಗೆ ಸಿಕ್ಕಿದ್ದು ಹೆಚ್ಚೆಂದರೆ ಕಾಲುಭಾಗ. ದೊಡ್ಡ ಕುಲುಮೆಯಲ್ಲಾದರೆ 95 ಪ್ರತಿಶತಕ್ಕೂ ಹೆಚ್ಚು. ಉಳಿದ ಮುಕ್ಕಾಲು ಪಾಲು ಚಿನ್ನ, ಜೊತೆಗೆ ಆ ಆಸಿಡ್ಡು ಎಲ್ಲಾ ಚರಂಡಿಗೆ. ಚರಂಡಿಯಿಂದ ಎಲ್ಲಿಗೆ ಅಂತ ಕೇಳಬೇಡಿ, ವೃಷಭಾವತಿ ನೋಡಿದವರಿಗೆ ಗೊತ್ತು.

ಗೋರಿಪಾಳ್ಯದ ಕಡೆ ಈ ಕೆಲಸ ಮಾಡೋರನ್ನು ಬೈಯೋದು ಸುಲಭ. ನಾನು ಬೈಯಲ್ಲ. ಗುಜರಿಯಲ್ಲಿ ಯಾವ ಸ್ಕ್ರೂವಿಗೆ ಎಷ್ಟು ಬೆಲೆ ಅಂತ ಗೊತ್ತಿರೋದು ಅವರಿಗೇ. ನಗರತ್‌ಪೇಟೆಯಲ್ಲಿ ಬೆಳಗಿನ ಜಾವ ಅಕ್ಕಸಾಲಿಗರ ಅಂಗಡಿ ಮುಂದಿನ ಧೂಳು ಗುಡಿಸಿ, ಅದನ್ನು ತೊಳೆದು ಚೂರು ಚಿನ್ನ ಹುಡುಕೋರಿದ್ದಾರಲ್ಲ, ಈಗ ಎಲ್ಲರೂ "ನಗರ ಗಣಿಗಾರಿಕೆ" ಅಂತ ಹೊಸದಾಗಿ ಕಂಡುಹಿಡಿದ ಹಾಗೆ ಹೇಳೋದನ್ನು ಅವರು ತಲೆತಲಾಂತರದಿಂದ ಮಾಡ್ತಾ ಬಂದಿದ್ದಾರೆ. ಬಿಚ್ಚುವ, ವಿಂಗಡಿಸುವ ಕೆಲಸ ಅವರ ಕೈಯಲ್ಲೇ ಇರಲಿ. ಆಸಿಡ್ ಬಕೆಟ್ಟು ಮಾತ್ರ ಅವರ ಮನೆಯಿಂದ ಹೊರಗೆ ಹೋಗಬೇಕು.

ಇಲ್ಲಿಗೆ ಒಬ್ಬ ಗೆಳೆಯ ಅಡ್ಡ ಬರ್ತಾನೆ. "ನಮ್ಮ ಚಿನ್ನ ನಾವ್ಯಾಕೋ ಬೆಲ್ಜಿಯಂನೋರಿಗೆ ಕೊಡಬೇಕು? ಇಲ್ಲೇ ಒಂದು ಹೊಬೋಕನ್ ಕಟ್ಟೋಣ" ಅಂತ. ಕೋಲಾರದ ಜಿಲ್ಲೆಯವನು, ಸಿಟ್ಟು ಸಹಜ. ಕೆಜಿಎಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳ ಇಳಿದು, 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ತೆಗೆದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಇವತ್ತಿನ ಸಾಮಾನ್ಯ ಗಣಿಯಲ್ಲಿ ಒಂದು ಟನ್ ಅದಿರಿಗೆ ಐದು ಗ್ರಾಂ ಚಿನ್ನ ಸಿಕ್ಕರೆ ಒಳ್ಳೇದು ಅಂತಾರೆ. ಕಂಪ್ಯೂಟರಿನ ಬೋರ್ಡುಗಳ ಒಂದು ಟನ್ನಿನಲ್ಲಿ 200 ಗ್ರಾಂ ಆಸುಪಾಸು, ಹಳೇ ಮೊಬೈಲುಗಳಲ್ಲಿ 300 ಗ್ರಾಂ ಮೇಲೆ! 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್, ಅದರಲ್ಲಿ ಲೆಕ್ಕಕ್ಕೆ ಸಿಕ್ಕಿ ಸರಿಯಾಗಿ ಮರುಬಳಕೆಯಾದದ್ದು 22 ಪ್ರತಿಶತ ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತೆ. ಅಂದಮೇಲೆ ಗೆಳೆಯನ ಲೆಕ್ಕ ಸರಿಯಾಗೇ ಇದೆ.

ಕಟ್ಟಲಿ. ನಾನು ಅಡ್ಡ ಬರೋದಿಲ್ಲ, ಮೆಟಲರ್ಜಿ ಓದಿದವನಿಗೆ ಅಂಥ ಕುಲುಮೆ ನಮ್ಮೂರಲ್ಲಿ ಉರಿಯೋದನ್ನು ನೋಡೋ ಆಸೆ ಇರಲ್ವಾ? ಆದರೆ ಕುಲುಮೆ ಆಮದು ಮಾಡುವಾಗ ಮಕ್ಕಳ ರಕ್ತ ಪರೀಕ್ಷೆಯ ಪದ್ಧತಿಯನ್ನೂ ಅದೇ ಹಡಗಿನಲ್ಲಿ ತರಬೇಕು. ಅದನ್ನು ಬಂದರಿನಲ್ಲೇ ಬಿಟ್ಟು ಬರೀ ಕುಲುಮೆ ತಂದರೆ ಅದು ಹೊಬೋಕನ್ ಅಲ್ಲ. 1970ಕ್ಕಿಂತ ಹಿಂದಿನ ಹೊಬೋಕನ್.

ಸುಮ್ಮನೆ ಹೆದರಿಸ್ತಿಲ್ಲ, ನಮ್ಮ ನಿಯಮಗಳನ್ನೇ ನೋಡಿ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಗೆ ಬಂದವು. ಫೋನು, ಫ್ರಿಜ್ಜು ಮಾಡೋ ಕಂಪನಿ ಇಷ್ಟು ಟನ್ ಮರುಬಳಕೆ ಆಗಿದೆ ಅಂತ ತೋರಿಸಬೇಕು. ಅದಕ್ಕೆ ಮರುಬಳಕೆ ಘಟಕಗಳಿಂದ ಸರ್ಟಿಫಿಕೇಟ್ ಕೊಳ್ಳಬೇಕು. ಘಟಕಕ್ಕೆ ಸರ್ಟಿಫಿಕೇಟ್ ಸಿಗೋದು ಅದು ತೆಗೆದ ಲೋಹದ ಲೆಕ್ಕದಲ್ಲಿ: ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ. ನಾಲ್ಕೇ. ಸೀಸವನ್ನು ಹೊರಗೆ ಬಿಡದೆ ಹಿಡಿದಿಟ್ಟದ್ದಕ್ಕೆ ಒಂದೂ ಸರ್ಟಿಫಿಕೇಟ್ ಇಲ್ಲ. ಯಾವುದಕ್ಕೆ ಮಾರ್ಕ್ಸ್ ಇದೆಯೋ ಅದನ್ನೇ ಓದೋದು ನಮ್ಮ ದೇಶದ ಎಲ್ಲ ವಿದ್ಯಾರ್ಥಿಗಳ ಧರ್ಮ, ಘಟಕಗಳೂ ಅದನ್ನೇ ಮಾಡ್ತವೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಚಿಮಣಿಯ ಅಳತೆ ಎಲ್ಲ ಕಾಗದದ ಮೇಲೆ ಇದೆ, ಇಲ್ಲ ಅನ್ನಲ್ಲ. ಆದರೆ ಹೊಬೋಕನ್‌ನಲ್ಲಿ ಧೂಳು ಹೊರಟದ್ದು ಬರೀ ಚಿಮಣಿಯಿಂದಲ್ಲ. ಅಂಗಳದಲ್ಲಿ ರಾಶಿ ಹಾಕಿದ ಮಾಲಿನಿಂದ, ಲಾರಿಯ ಚಕ್ರದಿಂದ, ಹಳೇ ಮಣ್ಣಿನಿಂದ. ಚಿಮಣಿಗೆ ಥರ್ಮಾಮೀಟರ್ ಇಟ್ಟರೆ ಮಗುವಿನ ಜ್ವರ ಗೊತ್ತಾಗಲ್ಲ.

ಇದರ ಮೇಲೆ 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಇನ್ನೊಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇ-ತ್ಯಾಜ್ಯ, ಲಿಥಿಯಂ ಬ್ಯಾಟರಿಗಳಿಂದ ಅಪರೂಪದ ಖನಿಜ ತೆಗೆಯುವವರಿಗೆ 1,500 ಕೋಟಿ ರೂಪಾಯಿ ಪ್ರೋತ್ಸಾಹಧನ. ಒಳ್ಳೇ ಯೋಜನೆ, ಬೇಕಿತ್ತು. ಇದರಿಂದ ಹೊಸ ಘಟಕಗಳು ಬರ್ತವೆ, ಕೆಲವು ನಮ್ಮ ರಾಜ್ಯಕ್ಕೂ ಬರಬಹುದು. ನಾನು ಕೇಳೋದು ಇಷ್ಟೇ: ಜನರ ದುಡ್ಡು ತಗೊಳ್ಳೋ ಘಟಕ ಸುತ್ತಲಿನ ಜನರ ರಕ್ತದ ಲೆಕ್ಕ ಕೊಡಬೇಕು ಅಂತ ಒಂದು ಸಾಲು ಸೇರಿಸೋಕೆ ಏನು ಕಷ್ಟ?

ಕೆಜಿಎಫ್‌ನಲ್ಲೂ ಇದೇ ಪ್ರಶ್ನೆ. ಅಲ್ಲಿನ ಸಯನೈಡ್ ದಿಬ್ಬಗಳು, ಅಂದರೆ ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಬಿಳಿ ಗುಡ್ಡಗಳು ನೀವೂ ಸಿನಿಮಾ ಹಾಡುಗಳಲ್ಲಿ ನೋಡಿರ್ತೀರಿ. ಗಾಳಿ ಬೀಸುವ ಕಾಲದಲ್ಲಿ ಆ ಪುಡಿ ಊರೊಳಗೆ ಬರುತ್ತೆ, ಪಾತ್ರೆ, ಬಟ್ಟೆ, ಶ್ವಾಸಕೋಶ ಎಲ್ಲದರ ಮೇಲೂ ಕೂರುತ್ತೆ. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಅಂಥ 13 ದಿಬ್ಬಗಳನ್ನು ಮತ್ತೆ ಅಗೆದು, ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ಒಪ್ಪಿತು. ತ್ಯಾಜ್ಯದಿಂದ ಚಿನ್ನ, ಉದ್ಯೋಗ, ಎಲ್ಲ ಸರಿ. ಸುಮ್ಮನೆ ಮಲಗಿದ್ದ ದಿಬ್ಬದ ಪುಡಿಯೇ ಊರಿಗೆ ಬರುತ್ತಿತ್ತು. ಜೆಸಿಬಿ ಹಾಕಿ ಕೆದಕಿದರೆ? ಅಗೆಯೋ ಮುಂಚೆ ಊರಿನವರ ಶ್ವಾಸಕೋಶದ ಪರೀಕ್ಷೆ ಮಾಡಿ ಬರೆದಿಟ್ಟುಕೊಳ್ಳದಿದ್ದರೆ, ಐದು ವರ್ಷ ಆದಮೇಲೆ "ಇದು ಹಳೇ ಗಣಿಯ ಕಾಯಿಲೆ, ನಮ್ಮದಲ್ಲ" ಅಂತ ಕೈ ತೊಳೆದುಕೊಳ್ಳೋದು ಎಷ್ಟು ಸುಲಭ ನೋಡಿ.

ಇನ್ನು ಬ್ಯಾಟರಿ. ಇದು ಎಲ್ಲರ ಮನೆಯ ಮಾತು. ಹೋದ ವರ್ಷ ನಮ್ಮ ಮನೆಯ ಇನ್ವರ್ಟರ್ ಬ್ಯಾಟರಿ ಸತ್ತಿತು. ಅಂಗಡಿಯವನು ಹಳೇದು ಕೊಟ್ಟರೆ ಹೊಸದರ ಬೆಲೆಯಲ್ಲಿ ಇಷ್ಟು ಕಡಿಮೆ ಅಂದ.

"ಇದು ಎಲ್ಲಿಗೆ ಹೋಗುತ್ತೆ?" ಅಂದೆ.

"ಕಂಪನಿಗೆ ಹೋಗುತ್ತೆ ಸಾರ್."

"ಯಾವ ಕಂಪನಿ?"

"ಗಾಡಿ ಬರುತ್ತೆ ಸಾರ್, ತಗೊಂಡು ಹೋಗ್ತಾರೆ."

ಅಲ್ಲಿಗೆ ನನ್ನ ತನಿಖೆ ಮುಗೀತು. ಆ ಗಾಡಿ ಒಳ್ಳೇ ಕಾರ್ಖಾನೆಗೂ ಹೋಗಬಹುದು, ಯಾವುದೋ ತೋಟದ ಮೂಲೆಯಲ್ಲಿ ಬ್ಯಾಟರಿ ಒಡೆದು, ಆಸಿಡ್ ಮಣ್ಣಿಗೆ ಚೆಲ್ಲಿ, ಸೀಸವನ್ನು ತೆರೆದ ಒಲೆಯಲ್ಲಿ ಕರಗಿಸುವ ಜಾಗಕ್ಕೂ ಹೋಗಬಹುದು. ಎರಡಕ್ಕೂ ನಾವು ಹೇಳೋ ಹೆಸರು ಒಂದೇ, ಮರುಬಳಕೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು ಒಂದು ವರದಿ ಕೊಟ್ಟವು. ಜಗತ್ತಿನಲ್ಲಿ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸ ಇದೆ ಎಂಬ ಅಂದಾಜು. ಅದರಲ್ಲಿ ಭಾರತದ ಮಕ್ಕಳೇ ಸುಮಾರು 27 ಕೋಟಿ. ಕಾರಣಗಳ ಪಟ್ಟಿಯಲ್ಲಿ ಬ್ಯಾಟರಿಯ ಕಳ್ಳ ಮರುಬಳಕೆಗೆ ದೊಡ್ಡ ಜಾಗ. ಗಮನಿಸಿ, ಅದು ಅಂದಾಜು. ಹೊಬೋಕನ್‌ನವರ ಹತ್ತಿರ ಬೀದಿವಾರು ಲೆಕ್ಕ ಇದೆ, ನಮ್ಮ ಹತ್ತಿರ ಇಡೀ ದೇಶಕ್ಕೆ ಒಂದು ಅಂದಾಜು. ಸೀಸ ಮಗುವಿನ ಮೆದುಳಿಗೆ ಮಾಡುವ ಹಾನಿ ತಿರುಗಿ ಸರಿಹೋಗಲ್ಲ. ಇಷ್ಟು ಮಟ್ಟದವರೆಗೆ ಪರವಾಗಿಲ್ಲ ಅನ್ನುವ ಗೆರೆಯೂ ಇಲ್ಲ. ಅಮೆರಿಕದವರು ಎಚ್ಚರಿಕೆಯ ಗೆರೆಯನ್ನು 2021ರಲ್ಲಿ 5ರಿಂದ 3.5ಕ್ಕೆ ಇಳಿಸಿದರು.

"ಬಡ ದೇಶ, ಇದೆಲ್ಲ ಇಲ್ಲಿ ನಡೆಯೋದಲ್ಲ" ಅನ್ನೋರಿಗೆ ಒಂದು ಮಾತು. ಇಲ್ಲೇ ನಡೆದಿದೆ, ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜಾರ್ಜ್ ಫೌಂಡೇಶನ್‌ನವರು ಸೇರಿ 1990ರ ದಶಕದ ಕೊನೆಯಲ್ಲಿ ದೇಶದ ದೊಡ್ಡ ನಗರಗಳಲ್ಲಿ ಸಾವಿರಾರು ಜನರ ರಕ್ತ ಪರೀಕ್ಷೆ ಮಾಡಿಸಿದರು. ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧದಷ್ಟು ಮಂದಿಯಲ್ಲಿ 10 ಮೈಕ್ರೋಗ್ರಾಂ ಮೀರಿದ ಸೀಸ. 1999ರಲ್ಲಿ ಅದರ ಬಗ್ಗೆ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವೇ ನಡೆಯಿತು. 2000ದಲ್ಲಿ ದೇಶದಲ್ಲಿ ಸೀಸದ ಪೆಟ್ರೋಲ್ ಮಾರಾಟ ನಿಂತಿತು. ಆ ಅಳತೆಯೊಂದರಿಂದಲೇ ನಿಂತಿತು ಅಂತ ನಾನು ಹೇಳಲ್ಲ, ಆದರೆ ಸಂಖ್ಯೆ ಮೇಜಿನ ಮೇಲೆ ಬಂದ ಮೇಲೆ "ನಮ್ಮಲ್ಲಿ ಸಮಸ್ಯೆ ಇಲ್ಲ" ಅನ್ನೋ ಬಾಯಿಗಳು ಮುಚ್ಚಿದ್ದು ಹೌದು. ಕಾರು, ಸ್ಕೂಟರಿನ ಸೀಸಕ್ಕೆ ಮಾಡಿದ್ದನ್ನು ಕುಲುಮೆಯ ಸೀಸಕ್ಕೆ ಮಾಡಲಾಗದಾ?

ಖರ್ಚಿನ ಮಾತು ಬಂದೇ ಬರುತ್ತೆ, ಗೊತ್ತು. ಮರುಬಳಕೆಗೆ ಕಂಪನಿಗಳು ಕೊಡಬೇಕಾದ ಕನಿಷ್ಠ ದರವನ್ನು ಸರ್ಕಾರ ಕಿಲೋಗೆ 22 ರೂಪಾಯಿ ಅಂತ ಗೊತ್ತು ಮಾಡಿದ್ದಕ್ಕೇ, 2025ರಲ್ಲಿ ದೊಡ್ಡ ದೊಡ್ಡ ಟಿವಿ, ಎಸಿ ಕಂಪನಿಗಳು ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದವು. ನಲವತ್ತು ಸಾವಿರದ ಎಸಿ, ಕಿಲೋಗೆ 22 ರೂಪಾಯಿ ಭಾರ ಆಯ್ತಂತೆ! ಅಗ್ಗದ ಮರುಬಳಕೆ ಬೇಕು ಅನ್ನೋರು ಅಗ್ಗ ಹೇಗಾಗುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳಲಿ. ದೂಳು ಹಿಡಿಯುವ ಫಿಲ್ಟರಿಗೆ ದುಡ್ಡು ಬೇಕು, ಮುಚ್ಚಿದ ಗೋದಾಮಿಗೆ ದುಡ್ಡು ಬೇಕು, ಕೆಲಸಗಾರ ಮನೆಗೆ ಹೋಗೋ ಮುಂಚೆ ಸ್ನಾನ ಮಾಡಿ ಬಟ್ಟೆ ಬದಲಾಯಿಸೋಕೆ ಜಾಗ ಬೇಕು (ಸೀಸ ಮನೆಗೆ ಹೋಗೋದು ಎಷ್ಟೋ ಸಲ ಅಪ್ಪನ ಅಂಗಿಯ ಮೇಲೇ). ಇವುಗಳಲ್ಲಿ ಯಾವುದನ್ನು ಬಿಟ್ಟು ಅಗ್ಗ ಮಾಡ್ತೀರಿ?

ನಮ್ಮ ಐಟಿ ಕಂಪನಿಗಳೂ ಇದರಲ್ಲಿ ಸಾಚಾ ಅಲ್ಲ. ಹಳೇ ಲ್ಯಾಪ್‌ಟಾಪುಗಳನ್ನು ಹರಾಜಿಗೆ ಹಾಕ್ತಾರೆ, ಹೆಚ್ಚು ಬೆಲೆ ಕೊಟ್ಟವನಿಗೆ ಮಾರ್ತಾರೆ, ಒಂದು ಸರ್ಟಿಫಿಕೇಟ್ ಇಸ್ಕೊಂಡು ಫೈಲಿಗೆ ಹಾಕ್ತಾರೆ. ಹೆಚ್ಚು ಬೆಲೆ ಕೊಡೋಕೆ ಆಗೋದು ಯಾರಿಗೆ? ಫಿಲ್ಟರಿಗೆ ದುಡ್ಡು ಹಾಕದವನಿಗೆ. ಇಂಥದ್ದೊಂದು ಹರಾಜಿನ ಕಾಗದ ನಾನೇ ನೋಡಿದ್ದೀನಿ, ಯಾವ ಕಂಪನಿ ಅಂತ ಹೇಳಲ್ಲ. ಹಾರ್ಡ್‌ಡಿಸ್ಕಿನ ಡೇಟಾ ಅಳಿಸಿದ್ದಕ್ಕೆ ಮೂರು ಪುಟ ದಾಖಲೆ, ಬೋರ್ಡು ಎಲ್ಲಿ ಕರಗಿತು ಅನ್ನೋದಕ್ಕೆ ಅರ್ಧ ಸಾಲೂ ಇರಲಿಲ್ಲ.

ಹಾಗಾಗಿ ಮುಂದಿನ ಸಲ ನಿಮ್ಮ ಆಫೀಸಿನಲ್ಲಿ ಹಸಿರು ಡಬ್ಬ ಇಟ್ಟಾಗ ಒಂದು ಪ್ರಶ್ನೆ ಕೇಳಿ. ನಮ್ಮ ಬೋರ್ಡು ಕೊನೆಗೆ ಕರಗೋದು ಯಾವ ಊರಿನಲ್ಲಿ? ಆ ಊರಿನ ಹೆಸರು ಗೊತ್ತಾದರೆ ಎರಡನೇದು. ಅಲ್ಲಿನ ಶಾಲೆಯ ಮಕ್ಕಳ ರಕ್ತದಲ್ಲಿ ಸೀಸ ಎಷ್ಟು? ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ, ಹತ್ತು ರೂಪಾಯಿ. ಮಾಲಿನ್ಯ ನಿಯಂತ್ರಣ ಮಂಡಳಿಗೂ ಒಂದು, ಆರೋಗ್ಯ ಇಲಾಖೆಗೂ ಒಂದು ಹಾಕಿ. ಪರೀಕ್ಷೆ ಮಾಡಿಯೇ ಇಲ್ಲ ಅಂತ ಅವರು ಬರೆದುಕೊಟ್ಟರೆ ಅದೂ ಒಂದು ದಾಖಲೆ.

ಪರೀಕ್ಷೆಗೆ ದೊಡ್ಡ ಲ್ಯಾಬ್ ಕೂಡ ಬೇಕಿಲ್ಲ. ಕೈಯಲ್ಲಿ ಹಿಡಿದು ಹೋಗುವಂಥ ಯಂತ್ರಗಳಿವೆ. ಬೆರಳ ತುದಿಯಿಂದ ಒಂದೆರಡು ಹನಿ ರಕ್ತ, ಮೂರು ನಿಮಿಷದಲ್ಲಿ ಸಂಖ್ಯೆ ಪರದೆಯ ಮೇಲೆ.